ತೂಕದಣ್ಣನ ಬೆರಳು

ರಾಜ್ಯವೆಂದರೆ ಒಂದು ಕೋಟೆ ಇರಬೇಕು, ಪ್ರಜೆಗಳಿರಬೇಕು, ಗಡಿ ಇರಬೇಕು, ಗಡಿಯಾಚೆ ಒಂದಷ್ಟು ಅನಾಗರಿಕರೂ ಇರಬೇಕು. ತೂಕದಣ್ಣನಿಗೆ ಇವೆಲ್ಲವೂ ಇದ್ದವು. ಕೋಟೆಯೆಂದರೆ ಹಳೆ ಸೇತುವೆಯ ಪಕ್ಕದಲ್ಲಿ ಹೊಳೆಯ ದಂಡೆಗೆ ಕಟ್ಟಿದ ಕಲ್ಲಿನ ಗೋಡೆ. ಪ್ರಜೆಗಳೆಂದರೆ ಕೆಲಸ ಮುಗಿಸಿ ಬಂದು ಸಂಜೆ ಆ ಗೋಡೆಯ ಮೇಲೆ ಸಾಲಾಗಿ ಕೂತು ಗಾಳ ಹಾಕುವ ಹತ್ತು ಹದಿನೈದು ಗಂಡಸರು. ಮೇಲಿನ ಗಡಿ, ಚರಂಡಿಯ ಕೊಳವೆ ಹೊಳೆಗೆ ಬಾಯಿ ಬಿಡುವ ಜಾಗ. ಕೆಳಗಿನ ಗಡಿ, ಬಟ್ಟೆ ಒಗೆಯುವ ಮೆಟ್ಟಿಲು. ಅನಾಗರಿಕರೆಂದರೆ ದಾರಕ್ಕೆ ಸೀಸದ ಗುಂಡು ಕಟ್ಟುವ ಬದಲು ಸ್ಕೂಟರಿನ ಹಳೆ ಸ್ಪಾರ್ಕ್ ಪ್ಲಗ್ಗನ್ನೋ ತುಕ್ಕು ಹಿಡಿದ ನಟ್ಟನ್ನೋ ಕಟ್ಟಿಕೊಂಡು ಎಲ್ಲಿಂದಲೋ ವಕ್ಕರಿಸುವವರು.

ಗೋಡೆಯ ಕಾನೂನು ಒಂದೇ ಒಂದು. ಸಾಲಿನಲ್ಲಿ ಕೂತವರೆಲ್ಲ ಒಂದೇ ತೂಕದ ಗುಂಡು ಹಾಕಬೇಕು. ಇದು ಸಮಾನತೆಯ ಮೇಲಿನ ಮೋಹದಿಂದ ಹುಟ್ಟಿದ ಕಾನೂನಲ್ಲ. ಹಗುರ ಗುಂಡಿನವನ ದಾರವನ್ನು ನೀರು ಕೆಳಕ್ಕೆ ಎಳೆದೊಯ್ಯುತ್ತದೆ, ಭಾರದ ಗುಂಡಿನವನದು ಇದ್ದಲ್ಲೇ ಕೂರುತ್ತದೆ. ಎರಡೂ ಒಂದಕ್ಕೊಂದು ಸುತ್ತಿಕೊಂಡರೆ ಬಿಡಿಸುವಷ್ಟರಲ್ಲಿ ಸಂಜೆ ಹಾಳಾಗುತ್ತದೆ, ಸ್ನೇಹವೂ ಹಾಳಾಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ಅನಾಗರಿಕರಿಗೆ ಅದಕ್ಕೇ ಮೇಲ್ತುದಿಯಲ್ಲಿ, ಚರಂಡಿಯ ಬಾಯಲ್ಲಿ ಜಾಗ. ಅಲ್ಲಿಂದ ಮೇಲೆ ಯಾರೂ ಇಲ್ಲದ್ದರಿಂದ ಅವರ ಮೇಲೆ ತೇಲಿ ಬರುವ ದಾರವೂ ಇಲ್ಲ, ಅವರ ಭಾರದಿಂದ ಯಾರಿಗೂ ತೊಂದರೆಯೂ ಇಲ್ಲ. ಈ ಗಡೀಪಾರಿನ ವ್ಯವಸ್ಥೆಯನ್ನು ಜಾರಿಗೆ ತಂದವನು ತೂಕದಣ್ಣನೇ.

ಇವತ್ತಿನ ಹೊಳೆಗೆ ಯಾವ ಗುಂಡು ಎಂಬುದನ್ನು ತೀರ್ಮಾನಿಸುವವನೂ ಅವನೇ. ಅದಕ್ಕೆ ಚುನಾವಣೆ ನಡೆದಿರಲಿಲ್ಲ, ಪಟ್ಟಾಭಿಷೇಕವೂ ಆಗಿರಲಿಲ್ಲ. ಗೋಡೆಯ ನಟ್ಟನಡುವೆ, ಹಿಂದೆ ಯಾವ ಕಾಲದಲ್ಲೋ ದೋಣಿ ಕಟ್ಟುತ್ತಿದ್ದ ಕಬ್ಬಿಣದ ಬಳೆಯ ಪಕ್ಕದಲ್ಲಿ ಅವನು ಕೂರುತ್ತಿದ್ದ. ಜೇಬಿನಿಂದ ಒಂದು ಒಣ ಎಲೆ ತೆಗೆದು ನೀರಿಗೆ ಬಿಟ್ಟು ಅದರ ನಡಿಗೆ ನೋಡುತ್ತಿದ್ದ. ಆಮೇಲೆ ಕೋಲು ಗೀಲು ಏನೂ ಇಲ್ಲದೆ, ಬರಿಯ ನೈಲಾನ್ ದಾರವನ್ನು ಬಲಗೈಯ ತೋರುಬೆರಳ ಮೇಲೆ ಹಾಯಿಸಿ ಗುಂಡೆಸೆದು ಕಣ್ಣು ಮುಚ್ಚುತ್ತಿದ್ದ. ಇಡೀ ಗೋಡೆ ಬೀಡಿ ಎಳೆಯುವುದನ್ನು ನಿಲ್ಲಿಸುತ್ತಿತ್ತು. ಅವನು ಕಣ್ಣು ತೆರೆದು "ಹುಣಸೆಬೀಜ" ಎನ್ನುತ್ತಿದ್ದ. ಎಲ್ಲರೂ ಡಬ್ಬಿ ತೆರೆದು ಹುಣಸೆಬೀಜ ಕಟ್ಟುತ್ತಿದ್ದರು.

ಗುಂಡುಗಳಿಗೆ ಹೆಸರಿಟ್ಟವನೂ ಅವನೇ, ಯಾಕೆಂದರೆ ಎರಕ ಹೊಯ್ಯುವವನೂ ಅವನೇ. ಮನೆಯ ಹಿತ್ತಲ ಮೆಟ್ಟಿಲ ಮೇಲೆ ಕೂತು ಹಳೆ ಬ್ಯಾಟರಿಯ ಸೀಸವನ್ನು ಸೌಟಿನಲ್ಲಿ ಕರಗಿಸಿ, ಒದ್ದೆ ಮರಳಿನ ಗುಳಿಗಳಿಗೆ ಸುರಿದು, ಆರಿದ ಮೇಲೆ ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡುತ್ತಿದ್ದ. ಮೆಣಸಿನಕಾಳು, ಕಡಲೆ, ಹುಣಸೆಬೀಜ, ನೆಲ್ಲಿಕಾಯಿ, ನಿಂಬೆ. ಇವೆಲ್ಲಕ್ಕಿಂತ ದೊಡ್ಡದು ಒಂದಿತ್ತು. ಹೊಳೆ ಉಕ್ಕಿದಾಗ ಮಾತ್ರ ಹೊರತೆಗೆಯುವ ಬ್ರಹ್ಮಾಸ್ತ್ರ. ಅದರ ಹೆಸರು ಅತ್ತೆ. ಒಮ್ಮೆ ಕೂತರೆ ಜಪ್ಪಯ್ಯ ಅಂದರೂ ಏಳುವುದಿಲ್ಲ, ಬಂದವರನ್ನು ಹತ್ತಿರ ಸೇರಿಸುವುದಿಲ್ಲ ಎಂಬ ಗುಣಗಳಿಂದ ಬಂದ ಹೆಸರು. ಬಾಮೈದ ಹತ್ತಿರ ಇದ್ದಾಗ ಮಾತ್ರ ಅದನ್ನು "ದೊಡ್ಡದು" ಎಂದಷ್ಟೇ ಕರೆಯುತ್ತಿದ್ದ. ಬಾಮೈದನಿಗೆ ಗೊತ್ತಿತ್ತು. ಅವನು ಅಂಚೆ ಹಂಚುವವನು. ಊರಿನ ಯಾವ ಗುಟ್ಟೂ ಅವನನ್ನು ದಾಟಿ ಹೋಗುತ್ತಿರಲಿಲ್ಲ. ಆ ಗುಂಡು ಒಂದು ಸಲ ಕಲ್ಲಿಗೆ ಸಿಕ್ಕಿಕೊಂಡಾಗ ಅವನು ಗಂಭೀರವಾಗಿ, "ಭಾವ, ಜೋರಾಗಿ ಎಳೀಬೇಡಿ, ನಮ್ಮಮ್ಮನಿಗೆ ಮಂಡಿನೋವು" ಎಂದಿದ್ದ.

ತೂಕದಣ್ಣನ ಸಿದ್ಧಾಂತ ಗೋಡೆಯ ಮೇಲೆ ಎಲ್ಲರಿಗೂ ಬಾಯಿಪಾಠ. ಹಗುರವಾದರೆ ಗುಂಡು ತಳ ಮುಟ್ಟುವುದಿಲ್ಲ, ಹುಳು ನೀರಿನ ನಡುವೆ ಅಡ್ನಾಡಿಯ ಹಾಗೆ ಅಲೆಯುತ್ತದೆ. ಭಾರವಾದರೆ ಕೆಸರಲ್ಲಿ ಹೂತುಹೋಗುತ್ತದೆ. ಕಚ್ಚಲು ಬಂದ ಮೀನು ದಾರದ ಬಿಗಿ ಕಂಡು ಹುಳುವನ್ನು ಉಗುಳಿ ಹೋಗುತ್ತದೆ. ಎಲೆ ಹೇಳುವುದು ಮೇಲಿನ ಮಾತು. ತಳದ ಮಾತು ಬೆರಳಿಗೇ ಗೊತ್ತು. ಗುಂಡು ತಳ ಮುಟ್ಟಿದ್ದು, ಮರಳ ಮೇಲೆ ಒಂದು ಚೂರು ಉರುಳಿದ್ದು, ನಿಂತದ್ದು, ಎಲ್ಲವೂ ದಾರದಲ್ಲಿ ಹತ್ತಿ ಬಂದು ಬೆರಳಿಗೆ ವರದಿ ಒಪ್ಪಿಸುತ್ತವೆ. "ಗುಂಡು ಇದೆ ಅಂತ ನಿನಗೆ ಗೊತ್ತಾಗ್ಬೇಕು, ಮೀನಿಗೆ ಗೊತ್ತಾಗ್ಬಾರ್ದು. ಅದೇ ಸರಿಯಾದ ತೂಕ." ಇದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಮೀನುಗಳಿಗೂ ಗೊತ್ತಾಗಿಹೋಗಿರಬೇಕೆಂದು ಬಾಮೈದ ಹೇಳುತ್ತಿದ್ದ.

ಆ ಬೆರಳು ಸಾಮಾನ್ಯ ಬೆರಳಲ್ಲ. ಹಗಲೆಲ್ಲ ಅದು ಬೀಗದ ಹೊಟ್ಟೆಯೊಳಗಿನ ಸಂಗತಿಗಳನ್ನು ವಿಚಾರಿಸುವ ಬೆರಳು. ತೂಕದಣ್ಣ ವೃತ್ತಿಯಲ್ಲಿ ಬೀಗ ರಿಪೇರಿಯವನು. ಔಷಧಿ ಅಂಗಡಿಯ ಪಕ್ಕ ಮಾಳಿಗೆಗೆ ಹತ್ತುವ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆಗೆ ಬಡಿಯುವ ಒಂದು ಗೂಡು ಅವನ ಅಂಗಡಿ. ಗೋಡೆ ತುಂಬ ಮೊಳೆಗಳು, ಮೊಳೆಗಳ ತುಂಬ ಬೀಗದ ಕೈಗಳು, ಅವುಗಳ ಕೆಳಗೆ ಕೀಲೆಣ್ಣೆಯ ವಾಸನೆ, ಒಂದು ಬಲ್ಬು. ಕೀಲಿ ಕಳೆದುಕೊಂಡವರು ಬಂದು ಕರೆದರೆ ಒಂದು ಬಾಗಿದ ತಂತಿ ಹಿಡಿದು ಹೋಗುತ್ತಿದ್ದ. ಬೀಗದೊಳಗೆ ತಂತಿ ತೂರಿಸಿ, ಅದರ ಬೆನ್ನ ಮೇಲೆ ತೋರುಬೆರಳಿಟ್ಟು, ಗಾಳ ಹಾಕುವಾಗಿನ ಹಾಗೆಯೇ ಕಣ್ಣು ಮುಚ್ಚುತ್ತಿದ್ದ. ಒಳಗಿನ ಹಲ್ಲುಗಳು ಒಂದೊಂದಾಗಿ ತಲೆಬಾಗುವುದು ಅವನ ಬೆರಳಿಗೆ ಕಾಣುತ್ತಿತ್ತು.

ಮದುವೆಯಾದದ್ದೂ ಹಾಗೆಯೇ. ಯೌವನದಲ್ಲಿ ಒಂದು ಮನೆಯ ಮುಂಬಾಗಿಲ ಕೀಲಿ ಕಳೆದುಹೋಗಿ, ತಾಯಿ ಮಗಳು ಇಬ್ಬರೂ ಬೀದಿಯಲ್ಲಿ ನಿಂತಿದ್ದರು. ಬಾಗಿಲು ಒಡೆಯದೆ ಗತಿಯಿಲ್ಲ ಎಂದು ತಾಯಿ ಬೀದಿಗೆಲ್ಲ ಕೇಳುವಂತೆ ಸಾರುತ್ತಿರುವಾಗಲೇ ಇವನು ಬಂದು, ಮಾತು ಮುಗಿಯುವುದರೊಳಗೆ ಬಾಗಿಲು ತೆಗೆದಿದ್ದ. ತಾಯಿ ಬೀಗವನ್ನೂ ಅವನನ್ನೂ ಬಹಳ ಹೊತ್ತು ನೋಡಿದಳು. ಇಷ್ಟು ಸಲೀಸಾಗಿ ಮನೆಯ ಬೀಗ ತೆಗೆಯುವವನು ಹೊರಗಿರುವುದಕ್ಕಿಂತ ಒಳಗಿರುವುದೇ ಕ್ಷೇಮ ಎಂದು ಅನ್ನಿಸಿತೋ ಏನೋ, ವರ್ಷ ತಿರುಗುವುದರೊಳಗೆ ಮಗಳನ್ನು ಕೊಟ್ಟಳು. ಮುಂದೆ ಹೊಳೆಯ ತಳದಲ್ಲಿ ಅಜರಾಮರಳಾದವಳು ಈ ತಾಯಿಯೇ.

ಹೀಗೆ ಅನ್ನ ಕೊಟ್ಟ ಬೆರಳು, ಹೆಂಡತಿ ಕೊಟ್ಟ ಬೆರಳು, ಸಂಜೆಯ ಸಿಂಹಾಸನ ಕೊಟ್ಟ ಬೆರಳು. ಅದು ಕೈಕೊಡಬಹುದು ಎಂಬ ಯೋಚನೆ ಅವನಿಗೆ ಬರಲಿಲ್ಲ. ಬರಬೇಕಾದರೂ ಯಾಕೆ?

ಒಂದು ಸಂಜೆ ಹುಣಸೆಬೀಜ ಎಸೆದು ಕಣ್ಣು ಮುಚ್ಚಿದ ತೂಕದಣ್ಣನಿಗೆ ತಳದಿಂದ ವರದಿ ಬರಲಿಲ್ಲ. ಇನ್ನೊಮ್ಮೆ ಎಸೆದ. ಇಲ್ಲ. ಎಲೆ ನೋಡಿದರೆ ಸೋಮಾರಿ ಎಮ್ಮೆಯ ಹಾಗೆ ಸಾಗುತ್ತಿತ್ತು. ಅವನು, ಮೇಲೆ ನಿಧಾನ ಇದ್ದರೂ ತಳದಲ್ಲಿ ರಭಸ ಹೆಚ್ಚಾಗಿದೆ, ಗುಂಡು ನಿಲ್ಲುತ್ತಿಲ್ಲ, ಎಲ್ಲರೂ ನೆಲ್ಲಿಕಾಯಿ ಹಾಕಿ ಎಂದ. ನೆಲ್ಲಿಕಾಯಿಗೆ ಏನೋ ಒಂದು ಮಂಕು ಸುದ್ದಿ ಬೆರಳಿಗೆ ಬಂದಂತಾಗಿ ಸಮಾಧಾನವಾಯಿತು.

ಪಕ್ಕದಲ್ಲಿ ಭೂಗೋಳದ ಮೇಷ್ಟ್ರಿದ್ದರು. ನಿವೃತ್ತಿಯಾದ ಮೇಲೆ ಪಾಠ ಹೇಳಲು ಯಾರೂ ಸಿಗದೆ ಒದ್ದಾಡುತ್ತಿದ್ದ ಜೀವ. ಅವರು ಈ ತಳದ ರಭಸಕ್ಕೆ ಆ ಕ್ಷಣವೇ ಕಾರಣ ಒದಗಿಸಿದರು: ಮೇಲೆ ಎಲ್ಲೋ ಮರಳು ತೆಗೆದು ಹೊಂಡ ಮಾಡಿದ್ದಾರೆ, ಹೊಂಡಕ್ಕೆ ಬಿದ್ದ ನೀರು ಅಡಿಯಿಂದ ನುಗ್ಗುತ್ತದೆ. ಗೋಡೆ ತಲೆದೂಗಿತು. ಕೆಲವರಿಗಂತೂ ತಮ್ಮ ಬೆರಳಿಗೂ ಆ ರಭಸ ತಾಗಿದಂತಾಯಿತು. ಒಬ್ಬ ಬಸ್ ಡ್ರೈವರ್, ತನಗೆ ಇದು ಹೋದ ವಾರವೇ ಗೊತ್ತಾಗಿತ್ತು, ಹೇಳಿರಲಿಲ್ಲ ಅಷ್ಟೆ ಎಂದ.

ನೆಲ್ಲಿಕಾಯಿಯೂ ಮಂಕಾದಾಗ ನಿಂಬೆ ಬಂತು. ಹೊಳೆ ಮಾತ್ರ ಎಂದಿನಂತೆ, ದಂಡೆಯ ಮೇಲೆ ನಡೆಯುತ್ತಿರುವ ಈ ಕ್ರಾಂತಿಯ ಸುಳಿವೇ ಇಲ್ಲದೆ ಹರಿಯುತ್ತಿತ್ತು. ಹದಿನೈದು ನಿಂಬೆಗಳು ಪ್ರತಿ ಸಂಜೆ ಗುಳುಂ ಗುಳುಂ ಎಂದು ನೀರಿಗೆ ಬಿದ್ದು ಕೆಸರಲ್ಲಿ ಹೂತು, ಹುಳುಗಳ ಸಮೇತ ಅಲ್ಲೇ ಸಮಾಧಿಯಾಗುತ್ತಿದ್ದವು. ಮೀನು ಕಡಿಮೆಯಾಯಿತು. ಆಮೇಲೆ ಮೀನು ನಿಂತೇಹೋಯಿತು. ಮೇಷ್ಟ್ರು ಹೊಳೆ ಸತ್ತಿತು ಎಂದು ಘೋಷಿಸಿ ಅದಕ್ಕೂ ಕಾರಣ ಒದಗಿಸಿದರು. ಈ ಸಲ ಕಾರ್ಖಾನೆ. ಅಜ್ಜಂದಿರ ಕಾಲದಿಂದ ಮೀನು ಕೊಟ್ಟ ಹೊಳೆ ಒಬ್ಬ ಮನುಷ್ಯನ ಒಂದು ಬೆರಳ ತುದಿಯಲ್ಲಿ ಸತ್ತುಹೋಗಿತ್ತು. ಕೆಲವರು ಗೋಡೆಗೆ ಬರುವುದನ್ನೇ ಬಿಟ್ಟರು. ಬಂದವರು ದಾರ ಬಿಟ್ಟು ಬೀಡಿ ಸೇದಿ, ಸತ್ತವರ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡಿ ಎದ್ದು ಹೋಗುತ್ತಿದ್ದರು.

ಮನೆಯಲ್ಲಿ ಹೆಂಡತಿ ಬೇರೆಯೇ ಲಕ್ಷಣಗಳನ್ನು ಕಾಣುತ್ತಿದ್ದಳು. ಗಂಡ ಅಂಗಿಯ ಗುಂಡಿ ಹಾಕುವಾಗ ಕೆಳಗೆ ನೋಡುತ್ತಿದ್ದ. ಇಷ್ಟು ವರ್ಷ ಗೋಡೆ ನೋಡುತ್ತಾ, ಅವಳಿಗೆ ಉಪದೇಶ ಮಾಡುತ್ತಾ ಗುಂಡಿ ಹಾಕಿದವನು. ಒಲೆಯ ಮೇಲಿಂದ ಕುದಿಯುವ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿಟ್ಟು, ಏನೂ ಆಗದವನಂತೆ ಹೋಗಿ ಕೂತ. ಬೆರಳ ತುದಿಯಲ್ಲಿ ಬೊಬ್ಬೆ ಎದ್ದದ್ದನ್ನು ಅವಳು ತೋರಿಸಿದಾಗ, ದುಡಿಯುವವನ ಕೈ, ಚರ್ಮ ದಪ್ಪ ಎಂದ. ಅವಳು ನಂಬಿದಂತೆ ತೋರಿಸಿಕೊಂಡಳು. ಸಂಸಾರದ ಅರ್ಧ ಕೆಲಸ ಇದೇ.

ಅಂಗಡಿಯಲ್ಲೂ ಸುಖವಿರಲಿಲ್ಲ. ದರ್ಜಿಯ ವಿಧವೆಯ ಕಬ್ಬಿಣದ ಬೀರು ತೆಗೆಯಲು ಹೋದವನು ಮಧ್ಯಾಹ್ನವಿಡೀ ಬೆವರು ಸುರಿಸಿ, ಕೊನೆಗೆ ತಂತಿಯನ್ನು ಬೀಗದೊಳಗೇ ಮುರಿದು ಬಂದ. ಬೀಗವೇ ಸರಿಯಿಲ್ಲ, ಈಗಿನ ಕಾಲದ ಬೀಗಗಳಿಗೆ ಮಾನ ಮರ್ಯಾದೆ ಇಲ್ಲ ಎಂದು ಮನೆಯಲ್ಲಿ ಹೇಳಿದ. ಆ ಬೀರು ವಿಧವೆಯ ಮಾವನ ಕಾಲದ್ದು ಎಂಬುದು ಹೆಂಡತಿಗೆ ಗೊತ್ತಿತ್ತು. ಹೊಳೆ ಡೊಂಕು, ಬೀಗ ಡೊಂಕು. ಕುಣಿಯಲಾರದವಳಿಗಾದರೂ ನೆಲ ಒಂದೇ ಡೊಂಕಾಗಿತ್ತು.

ಇಷ್ಟರಲ್ಲಿ ಬಾಮೈದ ಗೋಡೆಯ ಕೆಳತುದಿಗೆ, ಬಟ್ಟೆ ಒಗೆಯುವ ಮೆಟ್ಟಿಲಿನ ಹತ್ತಿರಕ್ಕೆ ಜಾಗ ಬದಲಾಯಿಸಿದ್ದ. ನಡುವೆ ಕೂತರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಕಾರಣ ಕೊಟ್ಟಿದ್ದ. ಬಿಸಿಲು ಎಲ್ಲರ ಕಣ್ಣಿಗೂ ಒಂದೇ ಸಮ ಹೊಡೆಯುತ್ತಿತ್ತು. ನಿಜವಾದ ಸಂಗತಿಯೆಂದರೆ ಅಲ್ಲಿಂದ ಕೆಳಗೆ ಯಾರೂ ಇಲ್ಲ. ಹಗುರದ ಗುಂಡು ಹಾಕಿದರೂ ದಾರ ಯಾರಿಗೂ ಸುತ್ತಿಕೊಳ್ಳುವುದಿಲ್ಲ, ಯಾರಿಗೂ ತಿಳಿಯುವುದೂ ಇಲ್ಲ. ಅವನು ಡಬ್ಬಿಯ ತಳದಿಂದ ಹಳೆಯ ಕಡಲೆ ತೆಗೆದು ಕಟ್ಟಿದ. ಸತ್ತ ಹೊಳೆ ಅಲ್ಲಿಂದ ಆರು ಮಾರು ದೂರದಲ್ಲಿ ಲಕಲಕ ಜೀವಂತವಾಗಿತ್ತು.

ಸಿಕ್ಕ ಮೀನನ್ನು ಅಂಚೆಯ ಚೀಲದಲ್ಲಿ ಅಡಗಿಸಿಕೊಂಡು ಹಿತ್ತಲ ಬಾಗಿಲಿನಿಂದ ಅಕ್ಕನಿಗೆ ಕೊಟ್ಟು, ಮಾರ್ಕೆಟ್ಟಿನದು ಎಂದ. ಅಕ್ಕ ಮೀನಿನ ಬಾಯಿ ಅಗಲಿಸಿ ನೋಡಿದಳು.

"ಮಾರ್ಕೆಟ್ಟಲ್ಲಿ ಮೀನಿಗೆ ತುಟಿ ಚುಚ್ಚಿ ಮಾರ್ತಾರೇನೋ?"

ಅವನು ಚಪ್ಪಲಿ ನೋಡಿಕೊಂಡ. ಆಮೇಲೆ ಎಲ್ಲ ಹೇಳಿದ: ಹೊಳೆಗೆ ಏನೂ ಆಗಿಲ್ಲ, ರಭಸವೂ ಇಲ್ಲ, ಕಾರ್ಖಾನೆಯೂ ಇಲ್ಲ, ಭಾವನ ಕೈಗೆ ಏನೋ ಆಗಿದೆ. ಹಾಗಾದರೆ ಅವರಿಗೆ ಹೇಳು ಎಂದಳು. ನೀನೇ ಹೇಳು ಎಂದ. ಬೆಕ್ಕಿಗೆ ಗಂಟೆ ಕಟ್ಟುವ ಈ ಹಳೆಯ ಚರ್ಚೆ ಹಿತ್ತಲಲ್ಲಿ ಬಹಳ ಹೊತ್ತು ನಡೆದು, ಎಂದಿನ ತೀರ್ಮಾನಕ್ಕೇ ಬಂದಿತು. ಅವಳು ಅಂದಿನಿಂದ ಮೀನಿನ ತಲೆಯನ್ನು ಮೊದಲೇ ಕತ್ತರಿಸಿ ಎಸೆಯತೊಡಗಿದಳು, ತುಟಿ ಗಂಡನ ಕಣ್ಣಿಗೆ ಬೀಳದ ಹಾಗೆ. ತೂಕದಣ್ಣ ತಲೆಯಿಲ್ಲದ ಮೀನನ್ನು ಚಪ್ಪರಿಸಿ ತಿಂದು, ನೋಡು, ಜೀವಂತ ಹೊಳೆಯ ಮೀನಿನ ರುಚಿಯೇ ಬೇರೆ, ಎಲ್ಲಿಯದೋ ಏನೋ, ನಮ್ಮ ಹೊಳೆಯಲ್ಲಿ ಒಂದು ಕಾಲಕ್ಕೆ ಇಂಥವು ಸಿಗುತ್ತಿದ್ದವು ಎಂದ. ಹೆಂಡತಿ ಎದ್ದು ನೀರು ತರಲು ಹೋದಳು. ನೀರು ಅಲ್ಲೇ ಇತ್ತು.

ಗಂಟೆ ಕಟ್ಟಿದ್ದು ಕೊನೆಗೆ ಮೀನೇ.

ಆ ಸಂಜೆ ತೂಕದಣ್ಣ ನಡುವಿನ ಬಳೆಯ ಪಕ್ಕ ಕೂತು, ಇದ್ದಬದ್ದ ಪ್ರಜೆಗಳಿಗೆ ಕೊನೆಯ ತೀರ್ಪು ಕೊಡುತ್ತಿದ್ದ. ನಿಂಬೆಯೂ ಸಾಲದು, ನಾಳೆಯಿಂದ ಎಲ್ಲರಿಗೂ ದೊಡ್ಡದೇ ಎರಕ ಹೊಯ್ದು ಕೊಡುತ್ತೇನೆ, ಅದರಲ್ಲೂ ಸಿಗದಿದ್ದರೆ ಇಲ್ಲಿ ಮೀನೇ ಇಲ್ಲವೆಂದು ತಿಳಿದು ದಾರ ಸುತ್ತಿಡುವುದು ಒಳ್ಳೆಯದು. ಎಡಗೈ ಎತ್ತಿ ಹೊಳೆಯನ್ನು ತೋರಿಸುತ್ತಾ ಅವನು ಹೀಗೆ ಚರಮಗೀತೆ ಹಾಡುತ್ತಿರುವಾಗ ಬಲಗೈಯ ತೋರುಬೆರಳ ಮೇಲಿದ್ದ ದಾರ ಬಿಗಿಯಾಯಿತು. ಸಡಿಲಾಯಿತು. ಮತ್ತೆ ಬಿಗಿಯಾಗಿ ನೀರನ್ನು ಸೀಳಿಕೊಂಡು ಕೆಳಗೆ ಹೊರಟಿತು. ಎಲ್ಲರೂ ನೋಡಿದರು. ಮೇಷ್ಟ್ರ ಬಾಯಲ್ಲಿ ಮಾತು ನಿಂತಿತು. ಅದು ನಿವೃತ್ತಿಯ ನಂತರ ಮೊದಲ ಸಲ. ಬೆರಳನ್ನು ಸುತ್ತಿದ ದಾರ ಚರ್ಮದೊಳಕ್ಕೆ ಇಳಿದು ರಕ್ತ ಬಂತು, ರಕ್ತ ಮಣಿಕಟ್ಟಿಗೆ ಹರಿಯಿತು. ತೂಕದಣ್ಣ ಹೊಳೆಯ ಸಾವಿನ ಬಗ್ಗೆ ಮಾತಾಡುತ್ತಲೇ ಇದ್ದ.

ಬಾಮೈದ ಕೆಳತುದಿಯಿಂದ ಓಡಿ ಬಂದು ದಾರವನ್ನು ಹಿಡಿದ.

"ಭಾವ, ಮೀನು."

"ಎಲ್ಲಿ?"

"ನಿಮ್ಮ ಕೈಯಲ್ಲಿ, ಭಾವ."

ತೂಕದಣ್ಣ ಕೆಳಗೆ ನೋಡಿದ. ಅಂಗಿಯ ಗುಂಡಿ ನೋಡುವವನ ಹಾಗೆ ತನ್ನ ಬೆರಳನ್ನು ನೋಡಿದ. ಅಲ್ಲಿ ರಕ್ತವಿತ್ತು, ದಾರವಿತ್ತು, ದಾರದ ತುದಿಯಲ್ಲಿ ಜೀವಮಾನದಲ್ಲಿ ಒಂದೆರಡು ಸಲ ಸಿಗುವಂಥ ಒಂದು ಮೀನು ತಲೆ ಕೊಡವುತ್ತಿತ್ತು. ಆ ಮೂರಕ್ಕೂ ಅವನಿಗೂ ಯಾವ ಸಂಬಂಧವೂ ಇದ್ದಂತಿರಲಿಲ್ಲ. ಬಾಮೈದ ಎರಡು ಮಾರು ಎಳೆದ. ದಾರ ಪಟ್ಟೆಂದು ಹರಿದು ಮೀನು ನಿಂಬೆಯ ಸಮೇತ ಹೋಯಿತು. ಬಸ್ ಡ್ರೈವರ್ ಕೆಮ್ಮಿ, ದಾರ ಹಳೆಯದಿರಬೇಕು ಎಂದ. ಎಲ್ಲರೂ ಹೌದು ಹೌದು, ದಾರ ಹಳೆಯದು ಎಂದರು.

ಹೆಂಡತಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಅವನಿಗೆ ಕಣ್ಣು ಮುಚ್ಚಲು ಹೇಳಿ, ಬೆರಳ ತುದಿಗೆ ಸೂಜಿ ತಾಗಿಸುತ್ತಾ, ತಾಗಿದಾಗ ಹೇಳಿ ಎಂದಳು. ಕಣ್ಣು ಮುಚ್ಚುವುದರಲ್ಲಿ ತೂಕದಣ್ಣನನ್ನು ಮೀರಿಸಿದವರಿಲ್ಲ. ಬಹಳ ಗಾಂಭೀರ್ಯದಿಂದ ಮುಚ್ಚಿ ಕಾಯುತ್ತಾ ಕೂತ. ಪಕ್ಕದಲ್ಲಿ ನಿಂತ ಹೆಂಡತಿ ಸೂಜಿ ಒಂದಲ್ಲ ಹತ್ತು ಸಲ ತಾಗುವುದನ್ನು ನೋಡಿದಳು. ಅವನು ಇನ್ನೂ ಕಾಯುತ್ತಲೇ ಇದ್ದ. ಕೊನೆಗೆ, ಶುರು ಮಾಡ್ತೀರಾ ಹೇಗೆ ಎಂದು ಕೇಳಿದ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದಳು, ಏನು ಕೆಲಸ, ಏನು ಹವ್ಯಾಸ ಎಂದು ವಿಚಾರಿಸಿದಳು. ಸೌಟಿನಲ್ಲಿ ಸೀಸ ಕರಗಿಸುವ ವಿಷಯ ಹೆಂಡತಿಯ ಬಾಯಿಂದ ಬಂದಾಗ ಪೆನ್ನು ಕೆಳಗಿಟ್ಟಳು. ಹೊಗೆಯಲ್ಲಿ ಸೀಸ, ಉಗುರ ಸಂದಿಯಲ್ಲಿ ಸೀಸ, ಅದೇ ಕೈಯಲ್ಲಿ ಊಟ. ಇಷ್ಟು ವರ್ಷದಲ್ಲಿ ಅದು ನರಕ್ಕೆ ಇಳಿದಿದೆ, ಜೊತೆಗೆ ಸಕ್ಕರೆ ಕಾಯಿಲೆಯೂ ಕೈಜೋಡಿಸಿದೆ. ಇನ್ನು ಹೆಚ್ಚಾಗದಂತೆ ನೋಡಿಕೊಳ್ಳಬಹುದು, ಹೋದದ್ದು ಮಾತ್ರ ಮರಳಿ ಬರುವ ಹಾಗಿಲ್ಲ ಎಂದಳು. ಹೊಳೆಗೆ ಎಷ್ಟು ಸೀಸ ಬೇಕೆಂದು ಜೀವಮಾನವಿಡೀ ಲೆಕ್ಕ ಹಾಕಿದವನು, ತನಗೆ ಎಷ್ಟು ಸಾಕೆಂದು ಲೆಕ್ಕ ಹಾಕಿರಲಿಲ್ಲ.

ತೂಕದಣ್ಣ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಇನ್ನೂ ಸ್ವಲ್ಪ ಭಾರ ಹಾಕಿದ್ರೆ ಗೊತ್ತಾಗುತ್ತಾ, ಅಮ್ಮಾ?"

ಡಾಕ್ಟರಮ್ಮ ಅರ್ಥವಾಗದೆ ಹೆಂಡತಿಯ ಮುಖ ನೋಡಿದಳು. ಹೆಂಡತಿ ಸೆರಗಿನ ತುದಿ ತಿರುಚುತ್ತಾ, ಬನ್ನಿ, ಹೋಗೋಣ ಎಂದಳು.

ಮನೆಗೆ ಬಂದ ಕೂಡಲೇ ಅವಳು ಸೌಟು, ಸೀಸ, ಮರಳಿನ ತಟ್ಟೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ತಮ್ಮನ ಕೈಲಿ ಹೊರಗೆ ಸಾಗಿಸಿದಳು. ಅಂಗಡಿಯಲ್ಲಿ ಬೀಗ ತೆಗೆಯುವ ಕೆಲಸ ನಿಂತಿತು. ಈಗ ಅವನು ಹೊಸ ಬೀಗಗಳನ್ನು ಮಾರುತ್ತಾನೆ, ಕೀಲಿಗಳ ಸಮೇತ. ಕೀಲಿ ಕಳೆದುಕೊಂಡವರು ಬಂದರೆ ಎರಡು ಬೀದಿ ಆಚೆಯ ಇನ್ನೊಬ್ಬನ ಅಂಗಡಿ ತೋರಿಸುತ್ತಾನೆ. ಯಾವ ಬೆರಳಿನಿಂದ ತೋರಿಸುತ್ತಾನೆ ಎಂದು ಕೇಳಬಾರದು.

ಆದರೂ ಗೋಡೆ ಉಳಿದಿತ್ತಲ್ಲ. ಗಾಯ ಆರಿದ ಮೇಲೆ ಅವನು ಎದೆ ಗಟ್ಟಿ ಮಾಡಿಕೊಂಡು ಒಂದು ಸಂಜೆ ಅಲ್ಲಿಗೆ ಹೋದ. ನಗುತ್ತಾರೆಂದುಕೊಂಡಿದ್ದ. ಯಾರೂ ನಗಲಿಲ್ಲ. ಮೇಷ್ಟ್ರು ಎದ್ದು ನಿಂತೇ ಬಿಟ್ಟರು. ಬಳೆಯ ಹತ್ತಿರ ಕಲ್ಲು ಸಡಿಲವಾಗಿದೆ, ಅಣ್ಣನಂಥವರು ಅಲ್ಲಿ ಕೂರುವುದು ಬೇಡ, ಮೇಲ್ತುದಿಯಲ್ಲಿ ನೆರಳಿದೆ, ಒರಗಿಕೊಳ್ಳಲು ಕಂಬವೂ ಇದೆ ಎಂದು ಎಲ್ಲರೂ ಸೇರಿ ಗೌರವದಿಂದ ಚರಂಡಿಯ ಬಾಯಿಯ ಹತ್ತಿರ ಕೂರಿಸಿದರು. ಮಡಚಿದ ಗೋಣಿಚೀಲವೊಂದನ್ನು ಕೂಡ ಯಾರೋ ಹಾಸಿದ್ದರು. ಭಾರದವನು ಮೇಲಕ್ಕೆ, ಹಗುರದವನು ಕೆಳಕ್ಕೆ ಎಂದು ಕಾನೂನು ಬರೆದವನಿಗೆ ಆ ಜಾಗದ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಅವನು ಗೋಣಿಚೀಲವನ್ನು ಸರಿಮಾಡಿಕೊಂಡು ಕೂತ.

"ಅಣ್ಣಾ, ಇವತ್ತು ಯಾವುದು?" ಎಂದು ಬಸ್ ಡ್ರೈವರ್ ಕೂಗಿ ಕೇಳಿದ.

ಅವನ ಎದೆಯಲ್ಲಿ ಏನೋ ಎದ್ದು ಕೂತಿತು. ಎಲೆ ಬಿಟ್ಟ. ಚರಂಡಿಯ ನೀರಿನ ಸುಳಿಗೆ ಸಿಕ್ಕ ಎಲೆ ಗಿರಗಿರ ತಿರುಗಿತೇ ಹೊರತು ಎಲ್ಲಿಗೂ ಹೋಗಲಿಲ್ಲ. ದಾರ ಎಸೆದು ಕಣ್ಣು ಮುಚ್ಚಿದ. ಒಳಗೆ ಕತ್ತಲು ಬಿಟ್ಟು ಬೇರೇನಿರಲಿಲ್ಲ. "ನೆಲ್ಲಿಕಾಯಿ" ಎಂದ.

ಆಗಲಿ ಅಣ್ಣಾ ಎಂದರು. ಡಬ್ಬಿಗಳು ತೆರೆದವು, ಮುಚ್ಚಿದವು. ದಾರಗಳು ಒಂದೊಂದಾಗಿ ನೀರಿಗೆ ಬಿದ್ದವು: ಚುಳುಕ್. ಚುಳುಕ್. ಚುಳುಕ್. ಚುಳುಕ್.

ಬೆರಳು ಹೋದರೂ ಕಿವಿ ಹೋಗಿರಲಿಲ್ಲ ನೋಡಿ. ನೆಲ್ಲಿಕಾಯಿ ನೀರಿಗೆ ಬಿದ್ದರೆ ಗುಳುಂ ಎನ್ನುತ್ತದೆ. ಚುಳುಕ್ ಎನ್ನುವುದು ಕಡಲೆ. ಎರಡನ್ನೂ ಎರಕ ಹೊಯ್ದ ಕೈ ಅವನದೇ. ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದ. ಕೆಳತುದಿಯಲ್ಲಿ ಬಾಮೈದ, ಏನೂ ಅರಿಯದವನಂತೆ ಹೊಳೆ ನೋಡುತ್ತಾ ಕಿವಿ ಕೆರೆದುಕೊಳ್ಳುತ್ತಿದ್ದ. ಹೊಸ ಅರಸನ ಆಜ್ಞೆ ಕಿವಿ ಕೆರೆಯುವ ಸನ್ನೆಯಲ್ಲಿ ಹೊರಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಮೇಷ್ಟ್ರಿಗೆ ಮೀನು ಬಿತ್ತು, ಡ್ರೈವರಿಗೆ ಬಿತ್ತು. ನೆಲ್ಲಿಕಾಯಿ ಅಂದರೆ ನೆಲ್ಲಿಕಾಯಿಯೇ ಅಣ್ಣಾ ಎಂದು ಅಲ್ಲಿಂದಲೇ ಮೀನೆತ್ತಿ ತೋರಿಸಿದರು. ಅವನೂ ಕೈ ಎತ್ತಿದ.

ಮನೆಗೆ ಹೋಗುವಾಗ ಒಂದು ಉಪಾಯ ಹೊಳೆಯಿತು. ಮುಳುಗುವವನಿಗೆ ಹುಲ್ಲುಕಡ್ಡಿ ಹೊಳೆದ ಹಾಗೆ. ಬೆರಳಿಗೆ ತಿಳಿಯದಿದ್ದರೇನು, ಇವತ್ತು ಅವರು ಹಾಕಿದ್ದನ್ನು ಕಿವಿ ಕೇಳಿದೆಯಲ್ಲ. ನಾಳೆ ಅದನ್ನೇ ಹೇಳಿದರಾಯಿತು. ಮಾತೂ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ. ಹೆಂಡತಿ ಬಡಿಸುವಾಗ ಅವನು ಬಹಳ ದಿನದ ಮೇಲೆ ಅತ್ತೆಯ ಮಂಡಿನೋವಿನ ಬಗ್ಗೆ ತಮಾಷೆ ಮಾಡಿದ. ಅವಳು ನಕ್ಕಳು, ನಗುವುದಕ್ಕೆ ಅವಳೂ ಕಾದಿದ್ದಳು.

ಮರುದಿನ ಡ್ರೈವರ್ ಕೇಳಿದ ಕೂಡಲೇ, ಎಲೆಯನ್ನೂ ಬಿಡದೆ, "ಕಡಲೆ" ಎಂದ. ಹಳೆಯ ಧ್ವನಿಯಲ್ಲೇ ಎಂದ. ಆಗಲಿ ಅಣ್ಣಾ ಎಂದರು.

ಎಲ್ಲೋ ಮೇಲೆ ಮಳೆಯಾಗಿ ಹೊಳೆ ಆ ದಿನ ನಿಜವಾಗಿಯೂ ರಭಸವಾಗಿತ್ತು. ಚರಂಡಿಯ ಸುಳಿಯ ಪಕ್ಕ ಕೂತವನಿಗೆ ಅದು ತಿಳಿಯುವಂತಿರಲಿಲ್ಲ. ಕೆಳತುದಿಯಲ್ಲಿ ಬಾಮೈದ ಕಿವಿ ಬಿಟ್ಟು ಮೂಗು ಕೆರೆದುಕೊಂಡ.

ಗುಳುಂ. ಗುಳುಂ. ಗುಳುಂ.

ತೂಕದಣ್ಣ ಕೊನೆಯ ಗುಳುಂ ಕರಗುವವರೆಗೂ ಕೇಳಿದ. ನಿನ್ನೆ ತಪ್ಪು ಹೇಳಿದ್ದಕ್ಕೆ ಅವರು ಪಾಲಿಸಲಿಲ್ಲ ಎಂದುಕೊಂಡಿದ್ದ. ಹಾಗಲ್ಲ. ಅವನು ಸರಿ ಹೇಳಲಿ ತಪ್ಪು ಹೇಳಲಿ, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಅವರು ಕಾಯುವುದೇ ಇಲ್ಲ. ಬಾಗಿಲು ತೆರೆದೇ ಇರುವ ಮನೆಗೆ ಬಂದು ಬೀಗ ತೆಗೆದುಕೊಡಿ ಎಂದು ಮರ್ಯಾದೆಗೆ ಕರೆದ ಹಾಗೆ.

ಈಗಲೂ ಅವನು ಪ್ರತಿ ಸಂಜೆ ಹೋಗುತ್ತಾನೆ. ಅವರು ಕೇಳುತ್ತಾರೆ, ಅವನು ಬಾಯಿಗೆ ಬಂದದ್ದು ಹೇಳುತ್ತಾನೆ. ಒಂದು ದಿನ ಮೆಣಸಿನಕಾಳು ಎಂದ, ಇನ್ನೊಂದು ದಿನ ಅತ್ತೆ ಎಂದ. ಎರಡಕ್ಕೂ ಆಗಲಿ ಅಣ್ಣಾ ಎಂದರು. ಆಮೇಲೆ ಅವನು ತನ್ನ ಡಬ್ಬಿಯಲ್ಲಿ ಉಳಿದಿರುವ ಒಂದೇ ಒಂದು ದೊಡ್ಡದನ್ನು, ಹೆಂಡತಿಯ ಕಣ್ಣು ತಪ್ಪಿಸಿ ಬಚ್ಚಿಟ್ಟುಕೊಂಡದ್ದನ್ನು, ಬಹಳ ಹೊತ್ತು ತೆಗೆದುಕೊಂಡು, ಗಂಟನ್ನು ಕಣ್ಣಿನಿಂದ ನೋಡಿ ನೋಡಿ ಕಟ್ಟುತ್ತಾನೆ. ಹುಳು ಸಿಕ್ಕಿಸುವುದಿಲ್ಲ. ಎಸೆದರೆ ಅದು ದುಡುಂ ಎಂದು ಬೀಳುತ್ತದೆ. ಸಾಲಿನವರು ಯಾರೂ ಅತ್ತ ತಿರುಗಿ ನೋಡುವುದಿಲ್ಲ. ದಾರವನ್ನು ತೋರುಬೆರಳ ಮೇಲೆ ಹಾಯಿಸಿ, ಚರಂಡಿಯ ಕಂಬಕ್ಕೆ ಒರಗಿ, ಅವನು ಕಣ್ಣು ಮುಚ್ಚುತ್ತಾನೆ.